ನೀರಿನ ದಫ್ತರ

ಸುರಪುರಕ್ಕೆ ಬಂದ ಪರಸ್ಥಳದವರಿಗೆ ಊರಿನವರು ಮೊದಲು ತೋರಿಸುವುದು ಟೇಲರ್ ಮಂಜಿಲನ್ನು. ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ, ೧೮೫೩ರವರೆಗೆ, ಹನ್ನೆರಡು ವರ್ಷಗಳ ಕಾಲ ಈ ಸಂಸ್ಥಾನದ ಕಾರಭಾರವನ್ನು ನೋಡಿಕೊಂಡ ಮೆಡೋಸ್ ಟೇಲರ್ ಕಂಡದ್ದನ್ನೆಲ್ಲ ಬರೆದಿಡುವ ಸ್ವಭಾವದವನು. ಸುತ್ತಲಿನ ಬಯಲಿನ ಪ್ರಾಚೀನ ಶಿಲಾಸಮಾಧಿಗಳ ಬಗೆಗೂ ಬರೆದ. ತನ್ನ ಬದುಕಿನ ಕತೆಯನ್ನೂ ಬರೆದ. ಇತಿಹಾಸದ ಅಭ್ಯಾಸಿಗಳಿಗೆ ಆತ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಯಾವ ಬಂಗಲೆಯಲ್ಲೂ ತೋರಿಸಲಾಗದ ಇನ್ನೊಂದು ಬಗೆಯ ಬರಹವನ್ನು ಕುರಿತು: ನಲ್ಲಿಯ ನೀರನ್ನು ಪರೀಕ್ಷಿಸಿದ ವರದಿ, ತೊಟ್ಟಿ ತೊಳೆದ ದಿನಗಳ ಪುಸ್ತಕ, ವಿದ್ಯುತ್ ತಂತಿಯನ್ನು ತಪಾಸಣೆ ಮಾಡಿದ ಪತ್ರ. ಇವುಗಳನ್ನು ತೋರಿಸಿರೆಂದು ಕೇಳುವ ಹಕ್ಕು ನಮಗೆ ಬಂದ ಬಗೆ ಹೇಗೆ?

ಕನ್ನಡ ಕಲಿಸುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಶಾಸನ ಓದುವ ಚಟದಿಂದಲೇ ನನಗೆ ಇದು ಅಂಟಿತು. ಶಹಾಪುರದ ಹತ್ತಿರದ ಶಿರವಾಳದಲ್ಲಿ ಪಾಳುಬಿದ್ದ ಗುಡಿಗಳ ನಡುವೆ ನಿಂತರೆ ಹಿಂದಿನವರ ಒಂದು ಪದ್ಧತಿ ಮನಸ್ಸಿಗೆ ಬರುತ್ತದೆ. ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದವನ ಹೆಸರನ್ನೂ ಅದರ ರಕ್ಷಣೆಗೆಂದು ಬಿಟ್ಟುಕೊಟ್ಟ ಭೂಮಿಯನ್ನೂ ಕಲ್ಲಿನಲ್ಲಿ ಕೊರೆಸಿ ಬಯಲಲ್ಲಿ ನಿಲ್ಲಿಸುತ್ತಿದ್ದರು. ‘ಬಿತ್ತುವಟ್ಟ’ ಎಂಬುದು ಇಂಥ ದತ್ತಿಯ ಹೆಸರು. ಓದಬಲ್ಲವನು ಓದಬಹುದಾಗಿತ್ತು, ಓದಬಾರದವನಿಗೂ ಕಲ್ಲು ಅಲ್ಲಿದೆಯೆಂಬುದು ಗೊತ್ತಿತ್ತು. ನೀರಿನ ದಾಖಲೆ ನೀರಿನ ಪಕ್ಕದಲ್ಲೇ ಇರುತ್ತಿತ್ತು.

ಕಾಗದ ಬಂದ ಮೇಲೆ ದಾಖಲೆ ಒಳಮನೆ ಸೇರಿತು. ನಿಜಾಮರ ಆಳಿಕೆಯಲ್ಲಿ ಕಚೇರಿಯ ನುಡಿ ಮೊದಲು ಪಾರ್ಸಿ, ಅನಂತರ ಉರ್ದು. ದಫ್ತರ, ಮಿಸಲು, ನಕಲು ಎಂಬ ಮಾತುಗಳು ನಮ್ಮ ಕಡೆಯ ಕನ್ನಡದಲ್ಲಿ ಆಗಿನಿಂದಲೂ ಉಳಿದಿವೆ. ೧೯೪೮ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. ೧೯೫೬ರಲ್ಲಿ ಈ ಮೂರು ತಾಲ್ಲೂಕುಗಳು ಕಲಬುರ್ಗಿ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದವು. ದಫ್ತರದ ನುಡಿ ಬರಬರುತ್ತ ಕನ್ನಡವಾಯಿತು. ಬೀಗ ಮಾತ್ರ ಹಳೆಯದೇ. ಬ್ರಿಟಿಷರು ೧೯೨೩ರಲ್ಲಿ ಮಾಡಿದ ಅಧಿಕೃತ ರಹಸ್ಯಗಳ ಕಾಯಿದೆ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು.

ಬೀಗ ತೆಗೆದರೆ ಏನಾಗುತ್ತದೆಂಬುದಕ್ಕೆ ಲಂಡನ್ನಿನ ಒಂದು ಪ್ರಸಂಗ ಹೇಳಬೇಕು. ೧೮೫೪ರಲ್ಲಿ ಅಲ್ಲಿನ ಸೋಹೋ ಭಾಗದಲ್ಲಿ ಕಾಲರಾ ಹರಡಿದಾಗ ಡಾಕ್ಟರ್ ಜಾನ್ ಸ್ನೋ ಎಂಬಾತ ಮಾಡಿದ ಒಂದು ಕೆಲಸವೆಂದರೆ ಜನನ-ಮರಣ ನೋಂದಣಿ ಕಚೇರಿಗೆ ಹೋಗಿ ಸತ್ತವರ ಪಟ್ಟಿಯನ್ನು ಬರೆದುಕೊಳ್ಳಲು ಅನುಮತಿ ಕೇಳಿದ್ದು. ಕಚೇರಿ ಕೊಟ್ಟಿತು. ೮೩ ಸಾವುಗಳ ಆ ಪಟ್ಟಿಯನ್ನು ಹಿಡಿದು ಮನೆಮನೆಗೆ ನಡೆದವನಿಗೆ, ಬಹುತೇಕ ಎಲ್ಲವೂ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ನಡೆದದ್ದು ಕಂಡಿತು. ಪಂಪಿನ ಹಿಡಿಯನ್ನು ಕಿತ್ತ ಕತೆ ಎಲ್ಲರಿಗೂ ಗೊತ್ತು. ಪಟ್ಟಿ ಕೇಳಿದ ಕತೆಯನ್ನು ಯಾರೂ ಹೇಳುವುದಿಲ್ಲ.

ನಮ್ಮಲ್ಲೂ ಅಂಥ ನೀರುಂಟು. ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಊರಿದೆ. ಕಡಲ ದಂಡೆಯದಲ್ಲ, ಹಳೆಯ ಚಿನ್ನದ ಗಣಿಯದು. ಅದರ ಆಸುಪಾಸಿನಲ್ಲಿ ಕಿರದಳ್ಳಿ ತಾಂಡಾ. ಚಿನ್ನದ ಅದಿರಿನೊಡನೆ ಆರ್ಸೆನಿಕ್ ಎಂಬ ವಿಷಧಾತು ಬೆರೆತಿರುವುದುಂಟು. ಚಿನ್ನ ತೆಗೆದು ಬಿಸುಟ ಮಣ್ಣು ಗಾಳಿ ಮಳೆಗೆ ಸಿಕ್ಕರೆ ಅದು ನೆಲಕ್ಕಿಳಿದು ನೀರನ್ನು ಸೇರುತ್ತದೆ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಈ ಪ್ರದೇಶದ ೫೯ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದರು. ಲೀಟರಿಗೆ ೧೦ ಮೈಕ್ರೋಗ್ರಾಮ್ ಎಂಬ ಮಿತಿಯನ್ನು ನೂರಕ್ಕೆ ೭೯ ಮಾದರಿಗಳು ಮೀರಿದ್ದವು. ಅತಿ ಹೆಚ್ಚೆಂದರೆ ೩೦೩. ಪರೀಕ್ಷಿಸಿದ ೧೮೧ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ವಿಷದ ಗುರುತುಗಳಿದ್ದವು. ವರದಿ ಅಚ್ಚಾದದ್ದು ಇಂಗ್ಲಿಷಿನಲ್ಲಿ, ದೂರದ ಪತ್ರಿಕೆಯೊಂದರಲ್ಲಿ. ಕುಡಿದವರು ಲಂಬಾಣಿ ಆಡುವ ಜನ. ಕೊಡ ಹೊತ್ತ ಹೆಂಗಸು ಕಣ್ಣಿನಿಂದಾಗಲಿ ನಾಲಿಗೆಯಿಂದಾಗಲಿ ತಿಳಿಯಲಾರದ ಸಂಗತಿ ಇದು. ಬರೆದ ವರದಿಯೊಂದೇ ತಿಳಿಸಬಲ್ಲದು.

ವಿಷ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ೨೦೨೩ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಅನೇಕರು ಕಾಯಿಲೆ ಬಿದ್ದರು, ಸಾವುಗಳೂ ಆದವು.

ಇನ್ನು ಹಕ್ಕಿನ ಮಾತು. ಸರಕಾರದ ಕಾಗದವನ್ನು ಪ್ರಜೆ ನೋಡಬಹುದೆಂದು ಮೊದಲು ಕಾನೂನು ಮಾಡಿದ್ದು ಸ್ವೀಡನ್, ೧೭೬೬ರಲ್ಲಿ. ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೭೫ರಲ್ಲಿ ರಾಜನಾರಾಯಣ ಮೊಕದ್ದಮೆಯಲ್ಲಿ, ತಮ್ಮ ಸರಕಾರ ಏನು ಮಾಡುತ್ತಿದೆಯೆಂದು ತಿಳಿಯುವ ಹಕ್ಕು ಜನರಿಗಿದೆಯೆಂದಿತು. ತೊಂಬತ್ತರ ದಶಕದಲ್ಲಿ ರಾಜಸ್ಥಾನದ ಹಳ್ಳಿಗರು ಕೂಲಿಯ ಹಾಜರಿ ಪಟ್ಟಿಯನ್ನು ತೋರಿಸಿರೆಂದು ಬೀದಿಯಲ್ಲಿ ಕುಳಿತರು. ಕರ್ನಾಟಕ ೨೦೦೦ದಲ್ಲಿ ತನ್ನದೇ ಕಾಯಿದೆ ಮಾಡಿತು. ಕೇಂದ್ರದ ಮಾಹಿತಿ ಹಕ್ಕು ಕಾಯಿದೆ ೨೦೦೫ರ ಅಕ್ಟೋಬರ್ ೧೨ರಂದು ಪೂರ್ಣವಾಗಿ ಜಾರಿಗೆ ಬಂತು. ಹತ್ತು ರೂಪಾಯಿಯ ಶುಲ್ಕ, ಮೂವತ್ತು ದಿನಗಳ ಗಡುವು ಎಲ್ಲರಿಗೂ ಗೊತ್ತು. ಜೀವಕ್ಕೆ ಸಂಬಂಧಿಸಿದ್ದಾದರೆ ನಲವತ್ತೆಂಟು ಗಂಟೆಯೊಳಗೆ ಕೊಡಬೇಕೆಂಬುದು ಅಷ್ಟಾಗಿ ಗೊತ್ತಿಲ್ಲ. ಕಾಗದದ ನಕಲಷ್ಟೇ ಅಲ್ಲ, ಕಾಮಗಾರಿಯನ್ನು ಕಣ್ಣಾರೆ ನೋಡುವುದೂ ಪದಾರ್ಥದ ಪ್ರಮಾಣಿತ ಮಾದರಿ ಪಡೆಯುವುದೂ ಆ ಹಕ್ಕಿನೊಳಗೇ ಸೇರಿವೆ.

ಆದರೆ ಕೇಳುವುದಕ್ಕೂ ಒಂದು ವ್ಯಾಕರಣವುಂಟು. ‘ನಮ್ಮ ನೀರು ಸುರಕ್ಷಿತವೇ?’ ಎಂದು ಬರೆದರೆ ಅದು ಅಭಿಪ್ರಾಯ ಕೇಳಿದಂತೆ, ಉತ್ತರ ಕೊಡಲೇಬೇಕೆಂದಿಲ್ಲ. ಇದ್ದ ದಾಖಲೆಯನ್ನು ಕೊಡಬೇಕೇ ಹೊರತು ಇಲ್ಲದ್ದನ್ನು ಸೃಷ್ಟಿಸಿ ಕೊಡಬೇಕಾಗಿಲ್ಲವೆಂದು ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ, ಇಂಥ ತೊಟ್ಟಿಯ ನೀರಿನ ಪರೀಕ್ಷಾ ವರದಿಯ ನಕಲು ಎಂದು ಕೇಳಬೇಕು. ಅದೂ ಕರ್ನಾಟಕದ ನಿಯಮದಂತೆ ಒಂದೇ ವಿಷಯ, ನೂರೈವತ್ತು ಪದಗಳ ಮಿತಿಯಲ್ಲಿ. ಪ್ರಬಂಧ ಬರೆಯುವ ಅಭ್ಯಾಸದವರಿಗೆ ಇದು ಒಳ್ಳೆಯ ಶಿಕ್ಷೆ.

ನಾನೂ ಒಮ್ಮೆ ನಮ್ಮ ಕಡೆಯ ಒಂದು ಕಚೇರಿಗೆ, ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ತೊಟ್ಟಿ ತೊಳೆದ ದಿನಗಳ ಪುಸ್ತಕ ನೋಡಬೇಕೆಂದು ಅರ್ಜಿ ಹಾಕಿದ್ದೆ. ‘ನಿಮಗೇನು ತೊಂದರೆಯಾಗಿದೆ?’ ಎಂಬ ಮರುಪ್ರಶ್ನೆ ಬಂತು. ಕಾರಣ ಹೇಳಬೇಕಾಗಿಲ್ಲವೆಂದು ಕಾಯಿದೆಯ ಆರನೆಯ ಕಲಮಿನಲ್ಲೇ ಇರುವುದನ್ನು ತೋರಿಸಿದೆ. ಪುಸ್ತಕ ಹೊರಗೆ ಬಂತು. ಮೂರು ತಿಂಗಳ ಸಾಲುಗಳು ಒಂದೇ ಶಾಯಿಯಲ್ಲಿ, ಒಂದೇ ಓಟದ ಕೈಬರಹದಲ್ಲಿ ಇದ್ದವು. ಹಸ್ತಪ್ರತಿಗಳನ್ನು ಮಗುಚಿದ ಕಣ್ಣಿಗೆ ಒಂದೇ ಕೂಟಿನಲ್ಲಿ ಕುಳಿತು ಬರೆದದ್ದು ಯಾವುದು, ದಿನದಿನವೂ ಬರೆದದ್ದು ಯಾವುದು ಎಂದು ತಿಳಿಯಲು ಕಷ್ಟವಾಗದು. ನಕಲು ಪಡೆದುಕೊಂಡೆ. ಮುಂದಿನ ಮೂರು ತಿಂಗಳ ಸಾಲುಗಳನ್ನು ಕೇಳಿದಾಗ ಶಾಯಿಗಳು ಬೇರೆಬೇರೆಯಾಗಿದ್ದವು. ನಡುವೆ ಎರಡು ವಾರ ಖಾಲಿಯೂ ಇತ್ತು. ಆ ಖಾಲಿ ಜಾಗವನ್ನು ನೋಡಿ ನನಗೆ ಸಂತೋಷವೇ ಆಯಿತು.

ಯಾವ ದಾಖಲೆ ಯಾವ ಕಚೇರಿಯದು ಎಂಬುದೇ ಜನಸಾಮಾನ್ಯರಿಗೆ ದೊಡ್ಡ ತೊಡಕು. ಯಾದಗಿರಿ, ಶಹಾಪುರ, ಸುರಪುರ ಪಟ್ಟಣಗಳ ನಲ್ಲಿಯ ನೀರಿಗೆ ನಗರಸಭೆ. ತಾಂಡಾದ ಕೊಳವೆಬಾವಿಗೆ ಗ್ರಾಮ ಪಂಚಾಯಿತಿ ಮತ್ತು ಗ್ರಾಮೀಣ ಕುಡಿಯುವ ನೀರಿನ ಇಲಾಖೆ. ಬೀದಿಯ ವಿದ್ಯುತ್ ತಂತಿಗೆ ಕಲಬುರ್ಗಿಯ ಜೆಸ್ಕಾಂ. ಅದರ ಸುರಕ್ಷತೆಯ ತಪಾಸಣೆಗೆ ವಿದ್ಯುತ್ ಪರಿವೀಕ್ಷಣಾಲಯ. ಗ್ರಾಹಕರ ವಿದ್ಯುತ್ ಅಳವಡಿಕೆಯನ್ನು ಐದು ವರ್ಷಕ್ಕೊಮ್ಮೆಯಾದರೂ ನೋಡಬೇಕೆಂದು ೧೯೫೬ರ ವಿದ್ಯುತ್ ನಿಯಮಗಳಲ್ಲೇ ಇತ್ತು. ನೋಡಿದ ಪತ್ರವನ್ನು ಬಳಕೆದಾರ ಕೇಳಬಹುದಾದದ್ದು ಅದಕ್ಕೆ ಅರ್ಧ ಶತಮಾನದ ಬಳಿಕ. ಅರ್ಜಿ ತಪ್ಪು ಬಾಗಿಲಿಗೆ ಹೋದರೆ ಐದು ದಿನಗಳೊಳಗೆ ಸರಿಯಾದ ಬಾಗಿಲಿಗೆ ದಾಟಿಸುವ ಹೊಣೆ ಅರ್ಜಿ ಪಡೆದ ಕಚೇರಿಯದೇ. ಬಡತನದ ರೇಖೆಗಿಂತ ಕೆಳಗಿರುವವರು ಶುಲ್ಕ ಕೊಡಬೇಕಾಗಿಲ್ಲ. ಬರೆಯಬಾರದವರು ಬಂದು ಬಾಯಿಮಾತಿನಲ್ಲಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಕಿರದಳ್ಳಿಯ ಮುದುಕಿಯೊಬ್ಬಳು ತನ್ನ ಬಾವಿಯ ವರದಿಯನ್ನು ಹಾಗೆ ಕೇಳಬಹುದು.