ಒಲ್ಲೆನೆನ್ನುವ ವಯಸ್ಸು

ಮುದ್ದೇಬಿಹಾಳ ತಾಲೂಕಿನ ತಂಗಡಗಿ ಕೃಷ್ಣೆಯ ದಂಡೆಯ ಮೇಲಿನ ಊರು. ಬಸವಣ್ಣನವರ ಪತ್ನಿ ನೀಲಮ್ಮನವರು ಐಕ್ಯರಾದದ್ದು ಇಲ್ಲಿಯೇ ಎಂದು ಪ್ರತೀತಿ. ಕೂಡಲಸಂಗಮಕ್ಕೆ ಕರೆದೊಯ್ಯಲು ಹಡಪದ ಅಪ್ಪಣ್ಣನವರು ಬಂದರಂತೆ. ದೇವರಿಗೆ ಆ ದಡ, ಈ ದಡವೆಂಬ ಭೇದವುಂಟೆ ಎಂಬ ಭಾವದಿಂದ ಆಕೆ ಮುಂದೆ ಹೋಗದೆ ಈ ದಂಡೆಯಲ್ಲಿಯೇ ನಿಂತರಂತೆ. ಕರೆ ಬಂದದ್ದು ಸ್ವತಃ ಪತಿಯಿಂದ; ಉತ್ತರ ಮಾತ್ರ ಆಕೆಯದೇ. ಆಕೆ ವಯಸ್ಸಿಗೆ ಬಂದ ಹೆಂಗಸು, ತಿಳಿದವಳು. ಇನ್ನೂ ವಯಸ್ಸಿಗೆ ಬಾರದವರ ‘ಒಲ್ಲೆ’ಗೆ ನಮ್ಮ ನಾಡಿನಲ್ಲಿ ಎಷ್ಟು ಬೆಲೆ ಸಂದಿತು ಎಂಬುದು ನಾನು ಇಂದು ಕೇಳುಗರ ಮುಂದಿಡಬೇಕೆಂದಿರುವ ಪ್ರಶ್ನೆ.

ಅದಕ್ಕೆ ನೆರೆಯ ಬಸವನ ಬಾಗೇವಾಡಿಗೇ ಹೋಗಬೇಕು. ಬಾಲಕ ಬಸವ ತನಗೆ ಜನಿವಾರ ಬೇಡವೆಂದ ಕಥೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಆಗ ಅವನಿಗೆ 8 ವರ್ಷವೆಂದು ಜನರ ನಂಬಿಕೆ. ಹರಿಹರನ ರಗಳೆಯಲ್ಲಿ ಕಥೆ ಬೇರೆ: ಅಲ್ಲಿ ಬಸವ ಜನಿವಾರ ಹರಿದು ಊರು ಬಿಡುವಾಗ 16 ವರ್ಷದವನು. ಯಾವುದು ನಿಜವೆಂದು ವಾದಿಸುವ ಗೋಜಿಗೆ ನಾನು ಹೋಗುವುದಿಲ್ಲ. ಆದರೆ ಈ ಎರಡು ಸಂಖ್ಯೆಗಳೂ ಅರ್ಥವುಳ್ಳವು. ಬ್ರಾಹ್ಮಣ ವಟುವಿಗೆ ಉಪನಯನವಾಗಬೇಕಾದ ವರ್ಷ ಎಂಟನೆಯದು. ಹದಿನಾರು ತುಂಬಿದವನು ಮಿತಾಕ್ಷರವನ್ನು ಅನುಸರಿಸುವ ಹಿಂದೂ ನ್ಯಾಯದಲ್ಲಿ ವ್ಯವಹಾರಕ್ಕೆ ಅರ್ಹ. ಆ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ! ಹರಿಹರನ ಬಸವ ತನ್ನ ಮಾತು ತಾನಾಡಲು ನ್ಯಾಯ ಒಪ್ಪುವ ವಯಸ್ಸಿನವನು. ಜನರ ಬಸವ ಆ ವಯಸ್ಸಿಗೆ ಕಾಯಲಿಲ್ಲ. ಜನ ಎಂಟನ್ನೇ ಹಿಡಿದುಕೊಂಡಿರುವುದು ನನಗೆ ಪ್ರಿಯವಾಗಿದೆ.

ಹುಡುಗನ ಎಂಟರ ಪಕ್ಕದಲ್ಲಿ ಹುಡುಗಿಯ ಎಂಟೂ ಒಂದಿತ್ತು. ಎಂಟು ವರ್ಷದ ಕನ್ಯೆಯನ್ನು ಗೌರಿಯೆಂದು ಕರೆದು, ಆಕೆಯ ದಾನವನ್ನು ಹೊಗಳಿದ ಸ್ಮೃತಿವಾಕ್ಯಗಳು ಊರೂರಿಗೆ ತಿಳಿದಿದ್ದವು. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹವನ್ನು ತಡೆಯಲು ಹೊರಟಾಗ, ಅದು ನಿಷೇಧಿಸಿದ್ದು ಸಹ ಎಂಟು ತುಂಬದ ಹುಡುಗಿಯರ ಮದುವೆಯನ್ನು.

ವಿಜಾಪುರ ಸೀಮೆ ಆಗ ಮುಂಬಯಿ ಇಲಾಖೆಗೆ ಸೇರಿದ್ದು. 1875ರ ಪ್ರಾಪ್ತವಯಸ್ಸಿನ ಕಾಯದೆ 18ನ್ನು ಗೆರೆಯಾಗಿ ಎಳೆಯಿತು. ಆದರೆ ಆ ಕಾಯದೆಯಲ್ಲಿಯೇ ಒಂದು ಕಂಡಿ ಉಳಿಯಿತು: ಮದುವೆ, ಮಹರ್, ವಿಚ್ಛೇದನ, ದತ್ತಕ ಇವುಗಳಿಗೆ ಈ ಗೆರೆ ಅನ್ವಯಿಸದು. ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಾರದ ಹುಡುಗಿಯ ಬಾಳನ್ನೇ ಕಟ್ಟಿಕೊಡಲು ಕಾನೂನಿನ ಅಡ್ಡಿಯಿರಲಿಲ್ಲ. ಆ ಇಲಾಖೆಯ ಮರಾಠಿ ರೂಢಿಯ ಭೂದಾಖಲೆಗಳಲ್ಲಿ ಅಪ್ರಾಪ್ತರನ್ನು ‘ಅಜ್ಞಾನ’ ಎಂದು ಬರೆಯುವ ವಾಡಿಕೆ; ಹೆಸರಿನ ಪಕ್ಕದಲ್ಲಿ ಪಾಲಕನ ಹೆಸರು. ಹದಿನೆಂಟರ ಮುನ್ನಾದಿನದವರೆಗೆ ಅಜ್ಞಾನ, ಮರುದಿನ ಬೆಳಿಗ್ಗೆ ಸಜ್ಞಾನ! ಕಾರಕೂನನ ಲೇಖನಿ ಇಷ್ಟು ಸುಲಭವಾಗಿ ಜ್ಞಾನವನ್ನು ಹಂಚಿತು.

ಇದೇ ಇಲಾಖೆಯ ಹೈಕೋರ್ಟಿನಲ್ಲಿ ಒಬ್ಬಳು ‘ಒಲ್ಲೆ’ ಎಂದಳು. ರುಕ್ಮಾಬಾಯಿಗೆ 11ನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. 1884ರಲ್ಲಿ ಗಂಡ ದಾದಾಜಿ ಭಿಕಾಜಿ ಆಕೆಯನ್ನು ತನ್ನ ಮನೆಗೆ ಕಳಿಸಬೇಕೆಂದು ದಾವೆ ಹೂಡಿದ. ತಿಳಿಯದ ವಯಸ್ಸಿನಲ್ಲಿ ನಡೆದ, ತನ್ನ ಒಪ್ಪಿಗೆಯಿಲ್ಲದ ಮದುವೆಗೆ ತಾನು ಕಟ್ಟುಬೀಳಲಾರೆನೆಂದು ಆಕೆ ನಿಂತಳು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪಿತ್ತರು. ಮೇಲ್ಮನವಿಯ ಬಳಿಕ 1887ರಲ್ಲಿ ಗಂಡನ ಮನೆ, ಇಲ್ಲವೆ 6 ತಿಂಗಳ ಸೆರೆಮನೆ ಎಂದಾಯಿತು. ಆಕೆ ಸೆರೆಮನೆಗೆ ಸಿದ್ಧಳಾದಳು. 1888ರಲ್ಲಿ ಹಣ ಕೊಟ್ಟು ರಾಜಿಯಾದ ಮೇಲೆ ಇಂಗ್ಲೆಂಡಿಗೆ ಹೋಗಿ ವೈದ್ಯೆಯಾಗಿ ಮರಳಿದಳು. ದೊಡ್ಡ ದೊಡ್ಡ ದೇಶಭಕ್ತರು, ತಿಲಕರಂಥವರೂ, ಆಕೆಗೆ ಎದುರಾಗಿ ಬರೆದರೆಂಬುದನ್ನು ಮರೆಮಾಚಬೇಕಾಗಿಲ್ಲ.

ಮುಂದೆ ಶಾರದಾ ಕಾಯದೆ 1929ರಲ್ಲಿ ಹುಡುಗಿಗೆ 14, ಹುಡುಗನಿಗೆ 18 ಎಂದು ಗೊತ್ತುಮಾಡಿತು. ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ಆ ನಡುವಣ ತಿಂಗಳುಗಳಲ್ಲಿ ದೇಶದ ತುಂಬ ಅವಸರದ ಲಗ್ನಗಳು ನಡೆದವು. ಗಡುವಿಗೆ ಹೆದರಿ ಎಳೆಯ ಕೂಸುಗಳನ್ನೂ ಧಾರೆಯೆರೆದರು. ರಕ್ಷಿಸಲೆಂದು ಬಂದ ಕಾಯದೆ ಒಂದು ಪೀಳಿಗೆಯ ಮಕ್ಕಳನ್ನು ಇನ್ನಷ್ಟು ಬೇಗ ಹಸೆಗೇರಿಸಿತು. 1978ರಲ್ಲಿ ಈ ಮಿತಿಗಳು 18, 21 ಆದವು.

ಇಷ್ಟೆಲ್ಲ ಲೆಕ್ಕಕ್ಕೆ ಹುಟ್ಟಿದ ದಿನ ಗೊತ್ತಿರಬೇಕಲ್ಲ! ನಮ್ಮ ಹಳ್ಳಿಗಳಲ್ಲಿ ವಯಸ್ಸನ್ನು ಎಣಿಸುತ್ತಿದ್ದುದು ಬರದಿಂದ, ಹೊಳೆಯ ಮಹಾಪೂರದಿಂದ. ಎಪ್ಪತ್ತೆರಡರ ಬರದಲ್ಲಿ ಕೂಸು ಅಂಬೆಗಾಲಿಡುತ್ತಿತ್ತು ಎಂದರೆ ತಾಯಿಯ ಲೆಕ್ಕ ಮುಗಿಯಿತು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನನ್ನ ಜನ್ಮದಿನವೂ ಅದೇ. ನನ್ನ ತರಗತಿಯ ಅರ್ಧ ಜನರದೂ ಅದೇ. ನಗುವ ಮಾತೇನೋ ಹೌದು. ಆದರೆ ಮತ, ನೌಕರಿ, ಮದುವೆ, ಶಿಕ್ಷೆ ಎಲ್ಲವೂ ಆ ಒಂದು ಸಾಲಿನ ಮೇಲೆ ನಿಂತಾಗ, ವಯಸ್ಸೂ ಹಿರಿಯರು ಬರೆದುಕೊಟ್ಟದ್ದೇ ಆಗುತ್ತದೆ.

ಮತದ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ನಡೆಯಿತು. ಸಂವಿಧಾನ 21 ಎನ್ನುತ್ತಿದ್ದಾಗಲೇ ನಮ್ಮ 1983ರ ಪಂಚಾಯತ ಕಾಯದೆ 18ಕ್ಕೆ ಮತ ಕೊಟ್ಟಿತು. 1987ರ ಜನವರಿಯಲ್ಲಿ ಮಂಡಲ ಪಂಚಾಯತಿಗಳ ಚುನಾವಣೆ ನಡೆಯಿತು. 61ನೆಯ ತಿದ್ದುಪಡಿಯಿಂದ ದೇಶಕ್ಕೆಲ್ಲ ಅದೇ ವಯಸ್ಸು ಬಂದದ್ದು 1989ರಲ್ಲಿ. ಯುವಕರ ಕೈಗೆ ಅಧಿಕಾರ ಬಂದ ಅಪರೂಪದ ವಯೋಮಿತಿ ಇದು. ಉಳಿದವೆಲ್ಲ ಬಹುಮಟ್ಟಿಗೆ ತಡೆಯುವವು, ಕಾಯುವವು.

ಕಾಯುವುದು ಬೇಡವೆಂದು ನಾನು ಹೇಳಲಾರೆ. ಬಾಲ್ಯವಿವಾಹದ ಪಿಡುಗು ನಮ್ಮ ಉತ್ತರದ ಜಿಲ್ಲೆಗಳನ್ನು ಇನ್ನೂ ಬಿಟ್ಟಿಲ್ಲ. ಆದರೆ ಕಾಯುವ ಕಾನೂನು ಕಾಯಿಸಿಕೊಳ್ಳುವವರನ್ನು ಕೇಳುತ್ತದೆಯೆ? ಪೋಕ್ಸೊ ಕಾಯದೆ 2012ರಲ್ಲಿ ಸಮ್ಮತಿಯ ವಯಸ್ಸನ್ನು 16ರಿಂದ 18ಕ್ಕೆ ಏರಿಸಿತು. ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ತಾವಾಗಿಯೇ ಹೋದ ಪ್ರಕರಣಗಳು ಪದೇ ಪದೇ ಬರುವುದನ್ನು ಕಂಡ ಹೈಕೋರ್ಟಿನ ಧಾರವಾಡ ಪೀಠ, 2022ರಲ್ಲಿ ಈ ಮಿತಿಯನ್ನು ಮತ್ತೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. 2023ರಲ್ಲಿ ಆಯೋಗ ವಯಸ್ಸನ್ನು ಇಳಿಸುವುದು ಬೇಡವೆಂದಿತು. ಶಿಕ್ಷೆಯಲ್ಲಿ ನ್ಯಾಯಾಧೀಶರ ವಿವೇಚನೆಗೆ ಎಡೆಯಿರಲೆಂದಿತು. ಹುಡುಗಿಯ ‘ಹೂಂ’ಗೆ ಸಿಕ್ಕ ಸ್ಥಾನ ಇಷ್ಟು.

‘ಒಲ್ಲೆ’ಯ ಸ್ಥಾನ ತುಸು ಮೇಲು. 1976ರಲ್ಲಿ ಹಿಂದೂ ವಿವಾಹ ಕಾಯದೆಗೆ ಬಂದ ತಿದ್ದುಪಡಿ, 15 ತುಂಬುವ ಮೊದಲು ಮದುವೆಯಾದ ಹುಡುಗಿಗೆ 18ರೊಳಗೆ ಅದನ್ನು ನಿರಾಕರಿಸಿ ವಿಚ್ಛೇದನ ಪಡೆಯುವ ದಾರಿ ತೆರೆಯಿತು. 2006ರ ಕೇಂದ್ರ ಕಾಯದೆ ಬಾಲ್ಯದಲ್ಲಿ ಮದುವೆಯಾದವರಿಗೆ, ಪ್ರಾಪ್ತವಯಸ್ಸಿಗೆ ಬಂದು ಎರಡು ವರ್ಷ ತುಂಬುವುದರೊಳಗೆ, ಅದನ್ನು ರದ್ದುಪಡಿಸಿಕೊಳ್ಳುವ ಹಕ್ಕು ಕೊಟ್ಟಿತು. ರುಕ್ಮಾಬಾಯಿ ಕೇಳಿದ್ದು ಇದನ್ನೇ ಅಲ್ಲವೆ? ಕರ್ನಾಟಕ 2017ರಲ್ಲಿ ಇನ್ನೂ ಮುಂದೆ ಹೋಗಿ, ಅಂಥ ಮದುವೆ ಮೊದಲಿನಿಂದಲೂ ಅಸಿಂಧುವೆಂದು ಸಾರಿತು. ಉದ್ದೇಶ ಒಳ್ಳೆಯದು, ನಾನದನ್ನು ಸ್ವಾಗತಿಸುತ್ತೇನೆ. ಆದರೂ ಇಲ್ಲಿ ಆಕೆ ‘ಒಲ್ಲೆ’ ಎನ್ನುವ ಮೊದಲೇ ಕಾನೂನು ಆಕೆಯ ಪರವಾಗಿ ‘ಒಲ್ಲೆ’ ಎಂದುಬಿಟ್ಟಿದೆ. ಕೇಂದ್ರ ಕಾಯದೆಯಲ್ಲಾದರೂ ಆಕೆ ಇನ್ನೂ ಅಪ್ರಾಪ್ತಳಾಗಿದ್ದರೆ ಅರ್ಜಿಯನ್ನು ತಾನೇ ಹಾಕುವಂತಿಲ್ಲ. ಪಾಲಕರೋ ಹಿತೈಷಿಯೋ, ಬಾಲ್ಯವಿವಾಹ ನಿಷೇಧಾಧಿಕಾರಿಯ ಜೊತೆಗೂಡಿ, ಆಕೆಯ ಪರವಾಗಿ ಹಾಕಬೇಕು. ಹಾಗಾಗಿ, ಮದುವೆ ಮಾಡಿಸಿದ ತಂದೆತಾಯಿಗಳಲ್ಲದೆ ಇನ್ನಾರಾದರೂ ಮುಂದೆ ಬರುವವರೆಗೆ ಆ ಕಾಗದ ಕೋರ್ಟಿನ ಮೆಟ್ಟಿಲನ್ನೇ ಹತ್ತುವುದಿಲ್ಲ.