ಬನಶಂಕರಿಯ ಬಿಡಾರಗಳು

ಬನಶಂಕರಿಯ ತೇರು ಒಂದು ಸಂಜೆಯಲ್ಲಿ ಎಳೆದು ಮುಗಿಯುತ್ತದೆ. ಜಾತ್ರೆ ಮುಗಿಯಲು ತಿಂಗಳು ಬೇಕು. ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಇದು ಬಂದು ಹೋಗುವವರ ಜಾತ್ರೆಯಾಗಿರಲಿಲ್ಲ, ಬಂದು ಇರುವವರ ಜಾತ್ರೆಯಾಗಿತ್ತು. ಬಂಡಿ ಬಿಟ್ಟು, ಎತ್ತು ಕಟ್ಟಿ, ಮೂರು ಕಲ್ಲು ಹೂಡಿ ಒಲೆ ಹಚ್ಚಿದ ಜನ ಅದನ್ನು ಕಟ್ಟಿದರು.

ನಾನು ಹುನಗುಂದ ಸೀಮೆಯ ಬಡಿಗೇರ ಮನೆಯವನು. ನಮ್ಮ ಮುತ್ಯಾ, ಆಮೇಲೆ ಅಪ್ಪ, ಪುಷ್ಯ ಮಾಸ ಬಂತೆಂದರೆ ಬಾಗಿಲು, ಚೌಕಟ್ಟು ಹೇರಿಕೊಂಡು ಅಮೀನಗಡ, ಐಹೊಳೆ, ಪಟ್ಟದಕಲ್ಲಿನ ದಾರಿ ಹಿಡಿಯುತ್ತಿದ್ದರು. ಹುಡುಗನಾಗಿದ್ದಾಗ ಆ ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಕೂತವನು ನಾನು. ಹಾಗಾಗಿ ಈ ಜಾತ್ರೆಯನ್ನು ನೋಡುವಾಗ ನನ್ನ ಕಣ್ಣು ಗುಡಿಯ ಶಿಖರಕ್ಕಿಂತ ಮೊದಲು ಬಯಲಿಗೆ ಹೋಗುತ್ತದೆ.

ಬಾದಾಮಿಯಿಂದ 5 ಕಿಲೋಮೀಟರು ದೂರದ ಚೊಳಚಗುಡ್ಡದಲ್ಲಿದೆ ಈ ತಾಣ. ಪುರಾಣ ಇದನ್ನು ತಿಲಕಾರಣ್ಯ ಎನ್ನುತ್ತದೆ. ಕಾಡು ಹೋಗಿ ಎಷ್ಟೋ ಕಾಲವಾಯಿತು. ಈಗಿರುವುದು ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳು. ಸುತ್ತಲಿನ ಗುಡ್ಡಗಳು ಬೋಳು ಕೆಂಪು ಕಲ್ಲು, ನಡುವೆ ಈ ಹಸಿರು. ಗುಡಿಯ ಮುಂದೆ ಹರಿದ್ರಾತೀರ್ಥ, ನಮ್ಮ ಬಾಯಲ್ಲಿ ಬರೀ ಹೊಂಡ. ಒಂದೊಂದು ಬದಿ 360 ಅಡಿ, ಮೂರು ಕಡೆಗೆ ಕಲ್ಲಿನ ಮಂಟಪಗಳ ಸಾಲು, ಪಡುವಣ ದಂಡೆಯಲ್ಲಿ ಕಾವಲು ಗೋಪುರವೂ ಆಗಿದ್ದ ದೀಪಸ್ತಂಭ. ಬಾದಾಮಿ ಚಾಲುಕ್ಯರು ಬನಶಂಕರಿ ದೇವಿಯನ್ನು ಕುಲದೇವತೆಯೆಂದು ನಂಬಿದ್ದರು. ಕಲ್ಯಾಣ ಚಾಲುಕ್ಯರ ಒಂದನೇ ಜಗದೇಕಮಲ್ಲನ ಕಾಲದ 1019ರ ಶಾಸನ ಇಲ್ಲಿದೆ. ಈಗ ಕಾಣುವ ಗುಡಿಯನ್ನು 1750ರಲ್ಲಿ ಮರಾಠಾ ಸರದಾರ ಪರಶುರಾಮ ಆಗಳೆ ಕಟ್ಟಿಸಿದ. ರಾಜರ ಹೆಸರು ಕಲ್ಲಿನಲ್ಲಿ ಉಳಿದವು. ಮಂಟಪದ ನೆರಳಲ್ಲಿ ಕೌದಿ ಹಾಸಿ ಮಲಗಿದ ಲಕ್ಷಾಂತರ ಜನರ ಹೆಸರು ಎಲ್ಲೂ ಇಲ್ಲ.

ಪುಷ್ಯದ ಬನದ ಅಷ್ಟಮಿಗೆ ನವರಾತ್ರಿ ಶುರುವಾಗುತ್ತದೆ. ಚತುರ್ದಶಿಗೆ ಪಲ್ಲೇದ ಹಬ್ಬ. ಬರಗಾಲದಲ್ಲಿ ಜನರಿಗೆ ಕಾಯಿಪಲ್ಲೆ ಕೊಟ್ಟು ಕಾಪಾಡಿದ ಶಾಕಂಭರಿ ಈಕೆ. ಅದಕ್ಕೇ ಆ ದಿನ 108 ಬಗೆಯ ಪಲ್ಲೆಯ ಎಡೆ. ಮರುದಿನ ಬನದ ಹುಣ್ಣಿಮೆ, ತೇರು. ತೇರಿನ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಮಲಪ್ರಭೆ ದಾಟಿ ಬರುತ್ತದೆ. ಆ ಹಗ್ಗ ಬಾರದೆ ತೇರು ಕದಲುವುದಿಲ್ಲ. ಹೊಂಡದಲ್ಲಿ ಬಾಳೆದಿಂಡಿನ ತೆಪ್ಪದ ಮೇಲೆ ಹಸುಗೂಸುಗಳನ್ನು ತೇಲಿಸುವ ಹರಕೆಯೂ ಉಂಟು.

ಹಬ್ಬದ ತಿಥಿ ಬ್ರಾಹ್ಮಣರ ಪಂಚಾಂಗದ್ದಾದರೂ ಜಾತ್ರೆಯ ಲೆಕ್ಕ ಒಕ್ಕಲಿಗನದು. ಪುಷ್ಯದ ಹೊತ್ತಿಗೆ ಹಿಂಗಾರಿ ಬಿಳಿಜೋಳ ಎದೆಯೆತ್ತರ ಬೆಳೆದು ತೆನೆ ಹಿಡಿದಿರುತ್ತದೆ. ಎಡೆ ಹೊಡೆಯುವ ಕೆಲಸ ಮುಗಿದಿದೆ, ಕೊಯ್ಲು ಇನ್ನೂ ದೂರ. ಎತ್ತಿಗೂ ಆಳಿಗೂ ಬಿಡುವು. ಹುಣ್ಣಿಮೆಯ ಆಸುಪಾಸಾದ್ದರಿಂದ ರಾತ್ರಿ ಬಂಡಿ ಹೊಡೆಯಲು ಬೆಳಕೂ ಇತ್ತು. ಮಳೆಯ ಭಯವಿಲ್ಲ, ಬಯಲಲ್ಲಿ ಮಲಗಬಹುದು. ಇಂಥ ದಿನಗಳು ನಮ್ಮ ನಾಡಿನ ರೈತನಿಗೆ ವರ್ಷದಲ್ಲಿ ಇನ್ನೊಮ್ಮೆ ಸಿಗುವುದಿಲ್ಲ.

ಹರಕೆಯವರ ಕೊಲ್ಲಾರಿ ಬಂಡಿಗಳು ಎರಡು ಮೂರು ದಿನ ಇದ್ದು ಹೊರಡುತ್ತಿದ್ದವು. ಮಾರುವವರದು ಪೂರ್ತಿ ತಿಂಗಳ ಬಿಡಾರ. ಗುಳೇದಗುಡ್ಡದ ಖಣ, ಇಳಕಲ್ಲಿನ ಟೋಪ ತೆನಿಯ ಸೀರೆ, ಹಿತ್ತಾಳೆ ಪಾತ್ರೆ, ಬಳೆ, ಕಂಬಳಿ, ದನದ ಪೇಟೆ. ನೇಕಾರರಲ್ಲಿ ದೇವಾಂಗದವರಿಗೆ ಬನಶಂಕರಿಯೇ ಮನೆದೇವರು. ಅವರಿಗೆ ವ್ಯಾಪಾರ, ಸೇವೆ ಎರಡೂ ಒಂದೇ ಬಿಡಾರದಲ್ಲಿ ಆಗುತ್ತಿದ್ದವು. ಆದರೆ ಬನಶಂಕರಿಯಲ್ಲಿ ನೋಡಲೇಬೇಕಾದ್ದು ಬಾಗಿಲುಗಳ ಸಾಲು ಎಂದು ನಾನು ಹೇಳುತ್ತೇನೆ, ಬಡಿಗನ ಮಗನೆಂಬ ಅಭಿಮಾನ ಇದ್ದೇ ಇದೆ.

ಅಪ್ಪ ಚೌಕಟ್ಟನ್ನು ಬಿಡಿಬಿಡಿಯಾಗಿ ಹೇರುತ್ತಿದ್ದ. ಪ್ರತಿ ತುಂಡಿನ ಹಿಂಬದಿಗೆ ಉಳಿಯಿಂದ ಗೀರು: ಒಂದು ಗೀರಿನ ಕಂಬ ಒಂದು ಗೀರಿನ ಪಟ್ಟಿಗೇ ಕೂಡಬೇಕು. ಬಯಲಲ್ಲಿ ಜಾಗ ಹಿಡಿದ ಮೇಲೆ ತೂತಿಗೆ ಸಿಕ್ಕಿಸಿ, ಕಟ್ಟಿಗೆಯ ಬೆಣೆ ಬಡಿದು ನಿಲ್ಲಿಸುತ್ತಿದ್ದ. ಮೇಲಿನ ಪಟ್ಟಿಯ ನಡುವೆ ಗಜಲಕ್ಷ್ಮಿ, ಎರಡೂ ಬದಿಗೆ ಬಳ್ಳಿ. ಗೋಡೆಯಿಲ್ಲದ ಬಾಗಿಲುಗಳು ಸಾಲಾಗಿ ನಿಂತಿರುತ್ತಿದ್ದವು. ಅವುಗಳ ಹಿಂದೆ ತಾಡಪತ್ರಿ ಎಳೆದು ನಮ್ಮ ಗುಡಾರ. ಮನೆ ಕಟ್ಟಿಸುವವರು ಗಂಡ ಹೆಂಡತಿ ಕೂಡಿ ಬರುತ್ತಿದ್ದರು.

“ಬಡಿಗೇರಣ್ಣ, ಹೊಚ್ಚಲಾ ಬೇವಿಂದೋ, ಜಾಲೀದೋ?”

“ಬಟ್ಟಿಲೆ ಬಡದು ನೋಡ್ರಿ ಯಕ್ಕಾ, ಅದ ಹೇಳತೈತಿ.”

ಆ ಹೆಣ್ಣುಮಗಳು ನಿಜವಾಗಿಯೂ ಬಗ್ಗಿ ಬಡಿದು ಕಿವಿ ಕೊಡುತ್ತಿದ್ದಳು. ಮೊದಲ ದಿನ ಕೇಳಿ ಹೋಗಿ, ಎರಡನೆಯ ದಿನ ಬಂದು ಚೌಕಾಸಿ ಮಾಡಿ, ಮೂರನೆಯ ದಿನ ಕೊಳ್ಳುವುದು ರೂಢಿ. ಅಲ್ಲೇ ಇರುವವರಿಗೆ ಮಾತ್ರ ಸಾಧ್ಯವಾದ ವ್ಯಾಪಾರ ಅದು.

ಊಟಕ್ಕೆ ಕಟಕರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ ಊರಿಂದಲೇ ಬಂದಿರುತ್ತಿತ್ತು. ಅದು ತೀರಿದ ಮೇಲೆ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು ಮಾರುವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಚಿಕ್ಕ ಗಡಿಗೆಯ ಮೊಸರು. ಅವರು ಈಗಲೂ ಇದ್ದಾರೆ, ಜಾತ್ರೆಯಿಲ್ಲದ ದಿನಗಳಲ್ಲೂ ಇರುತ್ತಾರೆ.

ಇನ್ನು ನಾಟಕ ಕಂಪನಿ. ಬಯಲಲ್ಲಿ ಬಿಡಾರ ಮಾಡಿದ ಜನಕ್ಕೆ ರಾತ್ರಿ ಉದ್ದ. ಚಳಿಯಲ್ಲಿ ನಿದ್ದೆ ಬರುವುದಿಲ್ಲ, ಮನೆಗೆ ಹೋಗುವ ಅವಸರವಿಲ್ಲ, ವ್ಯಾಪಾರದ ನಾಲ್ಕು ಕಾಸು ಕೈಯಲ್ಲಿ. ಉತ್ತರ ಕರ್ನಾಟಕದ ವೃತ್ತಿರಂಗಭೂಮಿ ಈ ರಾತ್ರಿಗಳ ಮೇಲೆ ನಿಂತಿತು ಎಂದರೆ ತಪ್ಪಲ್ಲ. ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಗದಗ–ಹೊಟಗಿ ಮೀಟರ್‌ಗೇಜ್ ಹಳಿ ಹಾಕಿದ ಮೇಲೆ ಪಡದೆ, ಪೆಟ್ಟಿಗೆ, ಬಳಗ ಸಮೇತ ಬಾದಾಮಿ ಸ್ಟೇಷನ್ನಿಗೆ ಬಂದಿಳಿಯುವುದು ಕಂಪನಿಗಳಿಗೆ ಸುಲಭವಾಯಿತು. ಬನಶಂಕರಿ ಕ್ಯಾಂಪಿನ ಗಳಿಕೆ ನೋಡಿ ಮಾಲೀಕರು ವರ್ಷದ ಸಾಲ ಲೆಕ್ಕ ಹಾಕುತ್ತಿದ್ದರು. ಅಕ್ಕಪಕ್ಕದಲ್ಲೇ ಎಂಟು, ಹತ್ತು ತಗಡಿನ ಥಿಯೇಟರು. ಒಂದರ ಹಾರ್ಮೋನಿಯಂ ಇನ್ನೊಂದರ ಮಾತಿನ ನಡುವೆ ನುಗ್ಗುತ್ತಿತ್ತು. ತೇರಿನ ದಿನಗಳಲ್ಲಿ ಒಂದಾದ ಮೇಲೊಂದು ಆಟ, ಬೆಳಗಿನ ತನಕ. ಪ್ರೇಕ್ಷಕರು ಹೊದ್ದ ಕಂಬಳಿಯ ಸಮೇತ ಒಂದು ಥಿಯೇಟರಿನಿಂದ ಎದ್ದು ಇನ್ನೊಂದಕ್ಕೆ ಹೋಗುತ್ತಿದ್ದರು. ಕಲಾವಿದರದೂ ಬಿಡಾರದ ಬದುಕೇ: ಥಿಯೇಟರಿನ ಹಿಂದೆ ತಟ್ಟಿ ಕಟ್ಟಿದ ಗುಡಿಸಲು, ಅದರಲ್ಲೇ ಅಡುಗೆ, ಅದರಲ್ಲೇ ಮಕ್ಕಳ ಜೋಳಿಗೆ. ರಾತ್ರಿ ರಾಣಿಯಾದವಳು ಮುಂಜಾನೆ ಕೊಡ ಹಿಡಿದು ನಮ್ಮ ಅವ್ವನ ಜೊತೆ ನೀರಿನ ಸರದಿಯಲ್ಲಿ ನಿಲ್ಲುತ್ತಿದ್ದಳು. ಅವ್ವ ಆಕೆಯನ್ನು ‘ಬಾರವ್ವಾ’ ಎಂದು ಮುಂದೆ ಬಿಡುತ್ತಿದ್ದಳು. ರಾತ್ರಿಯೆಲ್ಲ ಹಾಡಿದ ಗಂಟಲು ಎಂಬ ಮರ್ಯಾದೆ.

ನಮ್ಮ ಹುನಗುಂದ ಸೀಮೆಯ ಸೂಳೇಭಾವಿಯಲ್ಲಿ ಹುಟ್ಟಿ ಇಳಕಲ್ಲಿನಲ್ಲಿ ನೆಲೆಸಿದ ಪಿ.ಬಿ. ಧುತ್ತರಗಿ ಅವರ ನಾಟಕಗಳನ್ನು ಈ ಜನ ಬಾಯಿಪಾಠ ಮಾಡಿಕೊಂಡಿದ್ದರು. ‘ಸಂಪತ್ತಿಗೆ ಸವಾಲ್’ ಎಂದರೆ ಉಳಿದ ಕರ್ನಾಟಕಕ್ಕೆ 1974ರ ರಾಜ್‌ಕುಮಾರ್ ಸಿನಿಮಾ. ನಮಗೆ ಅದು ಅದಕ್ಕೂ ಮೊದಲೇ ತಗಡಿನ ಥಿಯೇಟರಿನ ನಾಟಕ. ಹಳ್ಳಿಯ ದರ್ಪ, ಸಾಲ, ಮನೆಯೊಳಗಿನ ಜಗಳ ಬಲ್ಲ ಬರಹಗಾರನಿಗೆ, ಅದನ್ನೇ ಬದುಕುತ್ತಿದ್ದ ಪ್ರೇಕ್ಷಕ ಚಾಪೆಯ ಮೇಲೆ ಕೂತಿದ್ದ. ದೊಡ್ಡ ಶಹರದ ಸಭಾಂಗಣ ಈ ನಾಟಕಗಳನ್ನು ಹುಟ್ಟಿಸಲಾರದಾಗಿತ್ತು.

ಬದಲಾದದ್ದು ಬೇಗ. ಬಂಡಿ ಹೋಗಿ ಟ್ರ್ಯಾಕ್ಟರ್ ಬಂತು, ಆಮೇಲೆ ಟಂಟಂ, ಮೋಟರ್‌ಸೈಕಲ್ಲು. ಸಂಜೆ ತೇರು ನೋಡಿ ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಂಡ ಬತ್ತಿ ತಳದ ಕೆಸರು ಕಂಡದ್ದೂ ಉಂಟು. ಕೊರೊನಾ ಕಾಲದಲ್ಲಿ ಜಾತ್ರೆಯೇ ನಿಂತಾಗ ಕಂಪನಿಗಳು ಪಟ್ಟ ಪಾಡು ಸಣ್ಣದಲ್ಲ. ಆದರೂ ಕಂಪನಿಗಳು ಬರುತ್ತಿವೆ, ಬಾಗಿಲ ಸಾಲು ಈಗಲೂ ನಿಲ್ಲುತ್ತದೆ.

ನಾನು ಕೇಳುವುದು ಇಷ್ಟು. ಹೊಂಡಕ್ಕೆ ವರ್ಷವಿಡೀ ನೀರು ಇರುವ ಏರ್ಪಾಡು ಆಗಲಿ. ಜಾತ್ರೆಯ ಬಯಲನ್ನು ಪೂರ್ತಿ ವಾಹನ ನಿಲುಗಡೆಗೆ ಕೊಡದೆ, ಉಳಿಯಲು ಬರುವವರಿಗೆ ಒಂದಿಷ್ಟು ಜಾಗ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಇಡಲಿ. ಮತ್ತೆ ನೀವು, ಬನದ ಹುಣ್ಣಿಮೆಗೆ ಹೋದರೆ ತೇರು ಎಳೆದ ಕೂಡಲೇ ಗಾಡಿ ತಿರುಗಿಸಬೇಡಿ. ಒಂದು ಕಂಬಳಿ ಒಯ್ಯಿರಿ, ಟಿಕೆಟ್ ತೆಗೆದು ಕೊನೆಯ ಆಟ ನೋಡಿ, ರಾತ್ರಿ ಅಲ್ಲೇ ಇದ್ದು ಬನ್ನಿ.