ಡಿಸ್‌ಪ್ಲೇ ಬಾರದ ಕಂಪ್ಯೂಟರ್: ಬೀದರ್ ಸೀಮೆಯ ಒಂದು ಕಸುಬಿನ ಕಥನ

ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಆದರೆ ಡಿಸ್‌ಪ್ಲೇ ಬರುವುದಿಲ್ಲ. ಇಲ್ಲವೇ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಒಂದು ಸಾಲು ಮೂಡಿ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಕಂಪ್ಯೂಟರ್ ರಿಪೇರಿಯವರ ಕಲಿಕೆಯ ಬಹುಭಾಗ ಈ ಒಂದು ತೊಂದರೆಯ ಸುತ್ತಲೇ ನಡೆದಿದೆ.

ಈ ಸೀಮೆಯಲ್ಲಿ ಕಂಪ್ಯೂಟರ್ ಮೊದಲು ಕಾಲಿಟ್ಟದ್ದು ಮನೆಗಳಿಗಲ್ಲ, ಕಾಲೇಜು, ಕಚೇರಿಗಳಿಗೆ. ಬೀದರ್‌ನಲ್ಲಿ 1980ರಲ್ಲಿ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು, ಭಾಲ್ಕಿಯಲ್ಲಿ 1982ರಲ್ಲಿ ರೂರಲ್ ಇಂಜಿನಿಯರಿಂಗ್ ಕಾಲೇಜು ಆರಂಭವಾದವು. ಹಳ್ಳಿಯವರ ಬದುಕಿಗೆ ಕಂಪ್ಯೂಟರ್ ತಾಗಿದ್ದು ಪಹಣಿಯ ಮೂಲಕ. 2002ರ ಹೊತ್ತಿಗೆ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ರಾಜ್ಯದ 177 ತಾಲ್ಲೂಕುಗಳನ್ನು ತಲುಪಿ, ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಆಗ 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲೇ ಮುದ್ರಿತ ಪಹಣಿ ಸಿಗುತ್ತಿತ್ತು. ಅಂಥ ಕೌಂಟರಿನ ಕಂಪ್ಯೂಟರ್ ಏಳದಿದ್ದರೆ ಬೆಳೆಸಾಲಕ್ಕೆ ಪಹಣಿ ಬೇಕಿದ್ದ ರೈತ ಬರಿಗೈಲಿ ಮರಳಬೇಕಿತ್ತು. ದುರಸ್ತಿಯ ಬೆಲೆ ಏನೆಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಮನೆಗಳಿಗೆ ಬಂದವು ಹೆಚ್ಚಾಗಿ ಬಿಡಿಭಾಗಗಳನ್ನು ತಂದು ಜೋಡಿಸಿದ ಅಸೆಂಬಲ್ಡ್ ಯಂತ್ರಗಳು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬೀದರ್‌ಗೆ ದೊಡ್ಡ ಪೇಟೆಯೆಂದರೆ ಇಂದಿಗೂ ಹೈದರಾಬಾದ್. ಬೆಂಗಳೂರು ಸುಮಾರು 700 ಕಿ.ಮೀ. ದೂರವಾದರೆ, ಜಹೀರಾಬಾದ್ ದಾಟಿ ಹೈದರಾಬಾದ್ ತಲುಪಲು ಸುಮಾರು 140 ಕಿ.ಮೀ. ಸಾಕು. ಕಂಪ್ಯೂಟರ್ ಬಿಡಿಭಾಗಗಳ ಸಗಟು ಪೇಟೆ ಅಲ್ಲಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್. ದೋಷ ಎಲ್ಲಿದೆ ಎಂದು ತಪ್ಪಾಗಿ ಊಹಿಸಿದರೆ ಒಂದು ಇಡೀ ದಿನದ ಓಡಾಟ ವ್ಯರ್ಥ. ಭಾಗ ಬದಲಿಸಿ ನೋಡುವುದಕ್ಕಿಂತ ಮೊದಲು ಕಾರಣ ಹುಡುಕುವ ಶಿಸ್ತಿಗೆ ಈ ದೂರವೂ ಒಂದು ಕಾರಣವೆನ್ನಬೇಕು.

ಹುಡುಕುವ ಕ್ರಮವನ್ನು ಯಂತ್ರವೇ ಹೇಳಿಕೊಡುತ್ತದೆ. 1981ರ ಐಬಿಎಂ ಪಿಸಿಯ ಕಾಲದಿಂದಲೂ ಕಂಪ್ಯೂಟರ್ ಏಳುವಾಗ ಬೋರ್ಡಿನ ಚಿಪ್ಪಿನಲ್ಲಿರುವ ಆರಂಭಿಕ ತಂತ್ರಾಂಶವಾದ ಬಯಾಸ್ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ರ್‍ಯಾಮ್ ಮತ್ತು ಡಿಸ್‌ಪ್ಲೇ ಕಾರ್ಡ್ ಸರಿಯಿದ್ದರೆ ಮಾತ್ರ ಡಿಸ್ಕಿನತ್ತ ಹೋಗುತ್ತದೆ. ಪರದೆ ಬೆಳಗುವ ಮೊದಲೇ ತೊಂದರೆಯಾದರೆ ತಿಳಿಸಲು ಉಳಿಯುವುದು ಬೀಪ್ ಸದ್ದೊಂದೇ. ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿನ ದೋಷ. ಉದ್ದ ಬೀಪ್ ನಿಲ್ಲದೆ ಮರುಕಳಿಸಿದರೆ ರ್‍ಯಾಮ್ ಕಡೆ ನೋಡಬೇಕು.

ಆಗ ಕೈಗೆ ಬರುವ ಉಪಕರಣ ಶಾಲಾಮಕ್ಕಳ ರಬ್ಬರು. ವೈರು ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಎರಡೂ ಬದಿಯ ಬಿಳಿ ಕ್ಲಿಪ್ ಒತ್ತಿ ರ್‍ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದರೆ ಕೊಳೆ ಹೋಗುತ್ತದೆ. ಸ್ಲಾಟಿನ ಧೂಳನ್ನು ಬ್ರಷ್‌ನಿಂದ ತೆಗೆದು, ರ್‍ಯಾಮನ್ನು ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿ ಕೂರಿಸಬೇಕು. ಕಾಸು ಖರ್ಚಿಲ್ಲದೆ ಎಷ್ಟೋ ಯಂತ್ರಗಳು ಹೀಗೆ ಎದ್ದಿವೆ. ಧೂಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ: ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲೆ, ಭಾಲ್ಕಿ, ಔರಾದ್ ಕಡೆ ಎರೆಮಣ್ಣಿನ ಹೊಲಗಳು.

ಬೀಪ್ ಸದ್ದೂ ಇಲ್ಲವೆಂದರೆ ಸಂಶಯ ವಿದ್ಯುತ್ ಪೂರೈಸುವ ಡಬ್ಬಿಯಾದ ಎಸ್‌ಎಂಪಿಎಸ್ ಮೇಲೆ. ಫ್ಯಾನು ತಿರುಗುತ್ತಿರುವುದರಿಂದ ವಿದ್ಯುತ್ತು ಸರಿಯಿದೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಫ್ಯಾನಿಗೆ 12 ವೋಲ್ಟ್ ಸಿಕ್ಕರೆ ಸಾಕು. ಪ್ರೊಸೆಸರ್ ಕೆಲಸ ಶುರುಮಾಡಲು ಇತರ ವೋಲ್ಟೇಜುಗಳೂ ಸ್ಥಿರವಾಗಿ, ಎಸ್‌ಎಂಪಿಎಸ್‌ನಿಂದ ‘ಪವರ್ ಗುಡ್’ ಎಂಬ ಸಂಕೇತ ಬರಬೇಕು. ಅದು ಬಾರದಿದ್ದರೆ ಪ್ರೊಸೆಸರ್ ರೀಸೆಟ್ ಸ್ಥಿತಿಯಲ್ಲೇ ಉಳಿಯುತ್ತದೆ. ಜೊತೆಗೆ ಸುಮಾರು 1999ರಿಂದ 2007ರವರೆಗೆ ತಯಾರಾದ ಹಲವು ಮದರ್‌ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳಿದ್ದವು. ಇದು ಆಗ ಜಗತ್ತಿನೆಲ್ಲೆಡೆಯ ಪಿಡುಗಾಗಿತ್ತು. ತಲೆ ಉಬ್ಬಿ ಕಂದು ಬಣ್ಣದ ರಸ ಸೋರಿದ ಕೆಪಾಸಿಟರನ್ನು ಕಣ್ಣಿನಿಂದಲೇ ಗುರುತಿಸಬಹುದು. ರೇಡಿಯೊ, ಟಿವಿ ರಿಪೇರಿ ಬಲ್ಲವರಿಗೆ ಅದನ್ನು ಬಿಡಿಸಿ ಹೊಸದನ್ನು ಬೆಸೆಯುವುದು ಪರಿಚಿತ ಕೆಲಸ.

ಡಿಸ್‌ಪ್ಲೇ ಬಂದ ಮೇಲೆ ನಿಂತರೆ ದೋಷ ಡಿಸ್ಕಿನ ಕಡೆ. ಡ್ರೈವಿನಲ್ಲಿ ಮರೆತ ಫ್ಲಾಪಿ, ಸಡಿಲವಾದ ಚಪ್ಪಟೆ ಕೇಬಲ್, ಸೆಲ್ ಹೋಗಿ ಅಳಿಸಿದ ಬಯಾಸ್ ಸೆಟ್ಟಿಂಗ್: ಇವು ಸುಲಭದವು. 1999ರ ಏಪ್ರಿಲ್ 26ರಂದು ಸಿಡಿದ ಸಿಐಎಚ್ ವೈರಸ್ ಹಾಗಲ್ಲ. ಅದು ಡಿಸ್ಕಿನ ಆರಂಭದ ಭಾಗವನ್ನೂ ಕೆಲವು ಬೋರ್ಡುಗಳ ಬಯಾಸನ್ನೂ ಅಳಿಸಿಹಾಕಿತು. ವಿಂಡೋಸ್ ಎಕ್ಸ್‌ಪಿ ಕಾಲದ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಸಂದೇಶಕ್ಕೆ ಹಲವರು ಕಂಡುಕೊಂಡ ಮದ್ದು ಫಾರ್ಮ್ಯಾಟ್ ಹೊಡೆಯುವುದು. ಅದು ಕಸುಬಿಗೆ ತಕ್ಕ ನಡೆಯಲ್ಲ. ಎರಡು ಫೈಲುಗಳನ್ನು ಸಿಡಿಯಿಂದ ನಕಲಿಸಿದರೆ ಎಷ್ಟೋ ಬಾರಿ ಯಂತ್ರ ಏಳುತ್ತಿತ್ತು. ಫಾರ್ಮ್ಯಾಟ್ ಮಾಡಿದರೆ ಡೆಸ್ಕ್‌ಟಾಪಿನಲ್ಲಿಟ್ಟ ಮದುವೆ ಫೋಟೊ, ನುಡಿ ತಂತ್ರಾಂಶದಲ್ಲಿ ಟೈಪಿಸಿದ ಕಡತ ಎಲ್ಲವೂ ಹೋಗುತ್ತಿದ್ದವು. ಲೈವ್ ಸಿಡಿಯಿಂದ ಲಿನಕ್ಸ್ ಚಾಲೂ ಮಾಡಿ ಫೈಲುಗಳನ್ನು ಮೊದಲು ತೆಗೆದಿಡುವ ದಾರಿ 2000ದ ದಶಕದಲ್ಲೇ ಇತ್ತು.

2012ರಲ್ಲಿ ವಿಂಡೋಸ್ 8 ಬಂದ ಮೇಲೆ ಬಯಾಸ್ ಜಾಗವನ್ನು ಅದೇ ಕೆಲಸದ ಹೊಸ ತಂತ್ರಾಂಶ ಯುಇಎಫ್‌ಐ ಆಕ್ರಮಿಸತೊಡಗಿತು. ಅದರ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಕೂಡ ಈಗ ತಪಾಸಣೆಯ ಒಂದು ಹಂತ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಬಂದು, ಡಿಸ್ಕು ಕೆಡುವ ಮುನ್ನ ಕೇಳುತ್ತಿದ್ದ ಕಟಕಟ ಸದ್ದಿನ ಸುಳಿವು ಇಲ್ಲವಾಯಿತು. ರ್‍ಯಾಮನ್ನು ಬೋರ್ಡಿಗೇ ಬೆಸೆದ ಲ್ಯಾಪ್‌ಟಾಪುಗಳಲ್ಲಿ ರಬ್ಬರಿಗೆ ಕೆಲಸವಿಲ್ಲ. ಅಲ್ಲಿ ಬೇಕಾಗುವುದು ಮೊಬೈಲ್ ರಿಪೇರಿಯವರ ಮೇಜಿನ ಹಾಟ್ ಏರ್ ಗನ್ ಮತ್ತು ಮೈಕ್ರೋಸ್ಕೋಪ್.